ಒರಳುಕಲ್ಲಲ್ಲಿ ಮನಿಪ್ಲಾಂಟ್

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಲಿ 'ಹಳ್ಳಿಮನೆ ಸ್ಟೈಲ್' ಅಡುಗೆಮನೆ ಲೇಖನ ಓದ್ದೆ. ಫೋಟೋಗಳೇನೋ ಚೆನ್ನಾಗಿದಾವೆ, ಆದ್ರೆ ಒಂದ್ರಲ್ಲಿ ಒರಳುಕಲ್ಲಿನ ಗುಳಿಗೆ ಮಣ್ಣು ತುಂಬಿ ಮನಿಪ್ಲಾಂಟ್ ನೆಟ್ಟಿದ್ರಲ್ಲ, ಅದನ್ನ ನೋಡಿ ಕೈಲಿದ್ದ ಕಾಫಿ ಆರೋಯ್ತು.

ನಾನು ಮಲೆನಾಡಿನ ಸಾಗರದ ಕಡೆಯವಳು. ನಮ್ಮಜ್ಜಿ ಅಡುಗೆಮನೆಲಿ ಶೋಗೆ ಅಂತ ಇಟ್ಟಿದ್ದು ಒಂದೂ ಇರ್ಲಿಲ್ಲ. ಒಲೆ ಮೇಲೆ ಅಟ್ಟ ಯಾಕಂದ್ರೆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಕಾಣದ ಊರು, ಮುರುಗಲು (ಕೋಕಂ) ಸಿಪ್ಪೆ ಎಲ್ಲ ಹೊಗೆಗೇ ಒಣಗ್ಬೇಕು, ಅದೇ ಹೊಗೆ ಜಂತಿಗೆ ಹುಳ ಹಿಡಿಯದ ಹಾಗೂ ನೋಡ್ಕೋತಿತ್ತು. ನೆಲುವು ಇದ್ದಿದ್ದು ಬೆಕ್ಕಿಗೆ ಮೊಸರಿನ ಗಡಿಗೆ ಸಿಗಬಾರದು ಅಂತ. ಸೂರಲ್ಲಿ ಒಂದೇ ಒಂದು ಗಾಜಿನ ಹೆಂಚು, ಅದರ ಬಿಸಿಲು ಸರಿಯಾಗಿ ಈಳಿಗೆಮಣೆ ಹತ್ರ ಬೀಳೋದು. ಅಂದ ಹಾಗೆ ಮಂಗಳೂರು ಹೆಂಚು ಪುರಾತನ ಅಂತ ಬರ್ದಿದೀರಿ, ಅದು 1865ರಲ್ಲಿ ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಸಂಸ್ಥೆಯೋರು ಫ್ಯಾಕ್ಟರಿ ಹಾಕಿದ್ಮೇಲೆ ಬಂದಿದ್ದು, ನಮ್ಮ ಕಡೆ ಮೊದ್ಲು ಅಡಿಕೆ ಸೋಗೆ ಹೊದಿಸ್ತಿದ್ರು. ಹೊಗೆಗೆ ಅಜ್ಜಿ ಕೆಮ್ಮಿ ಕೆಮ್ಮಿ ಸುಸ್ತಾಗ್ತಿದ್ದಿದ್ದೂ ನಿಜ, ಆ ಒಲೆ ವಾಪಸ್ ಬರ್ಲಿ ಅಂತ ನಾನೇನ್ ಹೇಳ್ತಿಲ್ಲ.

ಹೋದ ವರ್ಷ ಬೆಂಗಳೂರಲ್ಲಿ ಮಗ ಫ್ಲಾಟಿನ ಅಡುಗೆಮನೆನ ಇಂಟೀರಿಯರ್‌ನೋರಿಗೆ ಕೊಟ್ಟು ಇದೇ ಥರ ಮಾಡಿಸ್ದ, ಅವರು ಹಿತ್ತಾಳೆ ಪಾತ್ರೆ ಸಾಲಾಗಿ ಜೋಡ್ಸಿ ಹೋದ್ರು, ಸೊಸೆ ಖುಷಿಲಿ ಒಂದ್ರಲ್ಲಿ ಸಾರು ಮಾಡಿದ್ಲು, ಹುಣಸೆಹುಳಿ ಬಿದ್ದಿದ್ದೇ ತಡ ಕಿಲುಬು ವಾಸನೆ, ಬಾಯಿಗಿಡೋಕಾಗ್ದೆ ಚೆಲ್ಲಿದ್ವಿ. ಒಳಗೆ ನೋಡಿದ್ರೆ ತವರದ ಲೇಪ, ಅಂದ್ರೆ ಕಲಾಯೇ ಇಲ್ಲ! ಫೋನ್ ಮಾಡಿದ್ರೆ "ಮೇಡಂ, ಅದು ಬರೀ ಡೆಕೋರ್‌ಗೆ" ಅಂದ್ರು.

ಮೊದ್ಲು ಕಲಾಯಿಯವ್ರು ಊರಿಗೇ ಬರ್ತಿದ್ರು. ಅಂಗಳದಲ್ಲಿ ಗುಂಡಿ ತೋಡಿ, ತಿದಿ ಒತ್ತಿ ಕೆಂಡ ಮಾಡಿ, ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದ್ರೆ ಭುಸ್ ಅಂತ ಬಿಳಿ ಹೊಗೆ, ಆಮೇಲೆ ತವರ ಮುಟ್ಟಿಸಿ ಬಟ್ಟೆಲಿ ಒಂದ್ ಸುತ್ತು ಒರೆಸಿದ್ರೆ ಒಳಗೆಲ್ಲ ಬೆಳ್ಳಿ ಬೆಳ್ಳಿ. ಈಗ ಬೆಂಗಳೂರಲ್ಲಿ ಅವ್ರನ್ನ ಹುಡುಕಿ ಹುಡುಕಿ ಸಾಕಾಗಿ ಪಾತ್ರೆ ಮೂಟೆ ಕಟ್ಕೊಂಡು ಊರಿಗೇ ತಂದಿದೀನಿ.

ಮುಂದಿನ ಸಲ ಪುರವಣಿಲಿ ಫೋಟೋ ಎರಡು ಕಮ್ಮಿ ಹಾಕಿ, ಕಲಾಯಿ ಎಲ್ಲಿ ಮಾಡ್ತಾರೆ, ಬಿರುಕು ಬಿಡದ ಹಾಗೆ ಕೆಂಪು ಗಾರೆ ನೆಲ ಹಾಕೋ ಮೇಸ್ತ್ರಿಗಳು ಇನ್ನೂ ಎಲ್ಲಿದಾರೆ, ಅದನ್ನ ಬರೀರಿ. ಹಾಗೇ ಆ ಮನಿಪ್ಲಾಂಟ್ ಮನೆಯವ್ರನ್ನ, ಒರಳಿನ ಗುಂಡುಕಲ್ಲು ಎಲ್ಲಿಟ್ಟಿದಾರೆ ಅಂತ ಕೇಳಿ. ನಮ್ಮನೆದು ಒಡ್ದಿದೆ, ಬೇಡದಿದ್ರೆ ನಾನೇ ತಗೋತೀನಿ.

ಇಂತಿ,
ನಿಮ್ಮ ಪತ್ರಿಕೆ ಓದೋ ಗೃಹಿಣಿ, ಸಾಗರ