ಆರು ನಿಮಿಷ ಅಲುಗಾಡದ ನಿನ್ನ ಅಪ್ಪಯ್ಯ

ಗೆಳೆಯಾ,

ಈ ಪತ್ರದ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಮೊದಲು ಅದನ್ನು ನೋಡು, ಆಮೇಲೆ ಓದು. ನಿಮ್ಮ ಮನೆ ಜಗಲಿಯೇ ಅದು, ಅನುಮಾನ ಬೇಡ. ಜಗಲಿಕಟ್ಟೆ ಬಿಲ್ಲಿನ ಹಾಗೆ ಬಾಗಿದೆಯಲ್ಲ ಅಂತ ಕೇಳ್ತೀಯ. ಕಟ್ಟೆ ನೆಟ್ಟಗೇ ಇದೆ, ಬಾಗಿದ್ದು ಕ್ಯಾಮೆರಾದೊಳಗಿನ ಕಾಗದ. ಕ್ಯಾಮೆರಾ ಅಂದರೆ ಒಂದು ದುಂಡನೆಯ ಕಾಫಿಪುಡಿ ಡಬ್ಬಿ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ, ಒತ್ತೋಕೆ ಬಟನ್ನೂ ಇಲ್ಲ. ಸೂಜಿಯಲ್ಲಿ ಚುಚ್ಚಿದ ಒಂದು ತೂತು, ಅಷ್ಟೇ.

ಇದಕ್ಕೆಲ್ಲ ಕಾರಣ ನಮ್ಮೂರ ಮಳೆ. ನನ್ನ ಕ್ಯಾಮೆರಾ ನೆನಪಿದೆಯಲ್ಲ, ನಾವಿಬ್ಬರೂ ಹೋಗಿ ಕೊಂಡಿದ್ದು? ಹೋದ ಮಳೆಗಾಲ ಮುಗಿದ ಮೇಲೆ ಬ್ಯಾಗಿನಿಂದ ತೆಗೆದರೆ ಲೆನ್ಸಿನೊಳಗೆ ಜೇಡರ ಬಲೆ ಥರ ಬಿಳಿ ಎಳೆಗಳು. ಬೂಷ್ಟು! ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿ ಭರಣಿಗೆ ಹಿಡಿಯೋ ಅದೇ ಬೂಷ್ಟು ಗಾಜಿನೊಳಕ್ಕೂ ಹೊಕ್ಕಿತ್ತು. ರಿಪೇರಿಗೆ ಕೊಟ್ಟಲ್ಲಿ ಹೇಳಿದ ರೇಟು ಕೇಳಿ ಸುಮ್ನೆ ವಾಪಸ್ ತಂದೆ. ಒಂದು ವಾರ ಮುಖ ಊದಿಸಿಕೊಂಡು ಓಡಾಡಿದ ಮೇಲೆ ಹೊಳೆಯಿತು, ಗಾಜೇ ಇಲ್ಲದಿದ್ದರೆ ಬೂಷ್ಟು ಎಲ್ಲಿ ಹಿಡಿಯುತ್ತೆ?

ಇದೇನು ಹೊಸ ವಿದ್ಯೆ ಅಲ್ಲ ಮಾರಾಯ. ನಾವು ಇದನ್ನು ನೋಡುತ್ತಲೇ ಬೆಳೆದವರು. ನಿಮ್ಮ ಮನೆ ನಡುಮನೆಯಲ್ಲಿ ಮಧ್ಯಾಹ್ನದ ಹೊತ್ತು ಹಂಚಿನ ಸಂದಿಯಿಂದ ಬಿಸಿಲು ಇಳಿದು, ನೆಲದ ಮೇಲೆ ದುಂಡಗೆ ಬಿಲ್ಲೆ ಬಿಲ್ಲೆಯಾಗಿ ಕೂರುತ್ತಿತ್ತಲ್ಲ. ಅದನ್ನು ಅಂಗೈಯಲ್ಲಿ ಹಿಡಿಯೋಕೆ ಜಗಳ ಆಡುತ್ತಿದ್ದೆವು. ಹಂಚಿನ ಸಂದಿ ಒಂದು ಸೀಳಿರುತ್ತೆ, ಇನ್ನೊಂದು ಮೂರು ಮೂಲೆಯಾಗಿರುತ್ತೆ. ಬಿಲ್ಲೆ ಮಾತ್ರ ಯಾವಾಗಲೂ ದುಂಡಗೆ. ಯಾಕೆ ಅಂತ ಆಗ ಕೇಳಲೇ ಇಲ್ಲ. ಅದು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ. ಹನ್ನೊಂದಡಿ ಮೇಲಿನಿಂದ ಬಿದ್ದರೆ ಸುಮಾರು 3 ಸೆಂಟಿಮೀಟರ್ ಅಗಲ, ನಮ್ಮ ಕಾಲದ ದೊಡ್ಡ ರೂಪಾಯಿ ನಾಣ್ಯದಷ್ಟು. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣ ಹಿಡಿದಾಗ ನಮ್ಮ ಹಲಸಿನ ಮರದ ಕೆಳಗೆ ನಿಂತಿದ್ದೆ. ಎಲೆ ಸಂದಿಯಿಂದ ಬಿದ್ದ ಬಿಲ್ಲೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು, ಅಂಗಳದ ತುಂಬಾ. ಮನೆಯವರು ಒಳಗೆ ಬಾ ಅಂತ ಕೂಗುತ್ತಿದ್ದರು.

ಹಂಪಿಗೆ ಶಾಲೆಯಿಂದ ಟ್ರಿಪ್ ಹೋಗಿದ್ದೆವಲ್ಲ? ವಿರೂಪಾಕ್ಷ ದೇವಸ್ಥಾನದ ಆ ಕತ್ತಲೆ ಜಾಗದಲ್ಲಿ ಗೋಡೆ ಮೇಲೆ ಗೋಪುರ ತಲೆಕೆಳಗಾಗಿ ಬಿದ್ದಿತ್ತು. ಅದೂ ಇದೇ. ಗೋಪುರದ ತುದಿಯ ಬೆಳಕು ತೂತು ದಾಟಿ ನೇರವಾಗಿ ಕೆಳಗೆ ಹೋಗುತ್ತೆ, ಬುಡದ್ದು ಮೇಲಕ್ಕೆ. ಮೇಷ್ಟ್ರು ಅಷ್ಟು ಚೆನ್ನಾಗಿ ವಿವರಿಸಿದರು, ನಿನಗೆ ನೆನಪಿರೋಕೆ ಸಾಧ್ಯವಿಲ್ಲ. ನೀನು ಕಳೆದುಹೋದ ಚಪ್ಪಲಿಯ ಚಿಂತೆಯಲ್ಲಿದ್ದೆ.

ಡಬ್ಬಿ ತಯಾರಿ ಸುಲಭ. ಒಳಗೆ ಶಾಲೆಯ ಕರಿಹಲಗೆಗೆ ಬಳಿಯೋ ಬಣ್ಣ ಬಳಿದೆ, ಅದು ಹೊಳೆಯೋದಿಲ್ಲ. ಪಕ್ಕದಲ್ಲಿ ಒಂದು ದೊಡ್ಡ ರಂಧ್ರ, ಅದರ ಮೇಲೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತಗಡಿನ ತುಂಡು. ನಿಜವಾದ ತೂತು ಇರೋದು ಆ ತಗಡಿನಲ್ಲಿ. ಅಸಲಿ ಕೆಲಸ ಅಲ್ಲೇ. ಸೂಜಿ ಒತ್ತಿಬಿಟ್ಟರೆ ತೂತು ದೊಡ್ಡದಾಗಿ, ಚಿತ್ರ ಮಬ್ಬಾಗುತ್ತೆ. ತೀರಾ ಸಣ್ಣದಾದರೂ ಮಬ್ಬೇ, ಬೆಳಕು ಅಂಚಿಗೆ ತಾಗಿ ಹರಡಿಕೊಳ್ಳುತ್ತೆ. ನನ್ನ ಡಬ್ಬಿ ಹತ್ತು ಸೆಂಟಿಮೀಟರ್ ಅಗಲ, ಅದಕ್ಕೆ ಸುಮಾರು 0.45 ಮಿಲಿಮೀಟರ್ ತೂತು ಸರಿ. ಸೂಜಿಯ ತುದಿ ಆ ಕಡೆ ಮೂಡುವಷ್ಟೇ ಒತ್ತಬೇಕು, ಹಿಂದೆ ಎದ್ದ ಗುಬುಟನ್ನು ನೀರು ಕಾಗದದಲ್ಲಿ, ಅಂದರೆ ನುಣ್ಣನೆಯ ಉಜ್ಜುಕಾಗದದಲ್ಲಿ ತಿಕ್ಕಬೇಕು, ಮತ್ತೆ ಒತ್ತಬೇಕು. ಅಳೆಯೋಕೆ ಆಫೀಸಿನ ಸ್ಕ್ಯಾನರ್ ಮೇಲಿಟ್ಟೆ. 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿಯ ಲೆಕ್ಕದಲ್ಲಿ, ತೂತಿನ ಅಡ್ಡಕ್ಕೆ 21 ಚುಕ್ಕಿ ಬಂದರೆ ನನ್ನ ಲೆಕ್ಕ ಸರಿ. ಏಳನೇ ತಗಡಿಗೆ ಬಂತು. ಶಟರ್ ಅಂದರೆ ಕರಿ ಇನ್ಸುಲೇಷನ್ ಟೇಪು.

ಫಿಲಂ ಬದಲು ಕಪ್ಪು-ಬಿಳುಪು ಫೋಟೋ ಪೇಪರನ್ನೇ ಡಬ್ಬಿಯೊಳಗೆ ಬಾಗಿಸಿ ಇಡೋದು. ಅದಕ್ಕೆ ಕೆಂಪು ಬೆಳಕು ಕಾಣೋದಿಲ್ಲ, ಹಾಗಾಗಿ ಕೆಂಪು ಬಲ್ಬು ಹಾಕಿಕೊಂಡು ಬಚ್ಚಲುಮನೆಯಲ್ಲೇ ಕೆಲಸ ಮಾಡಬಹುದು. ಅಂದುಕೊಂಡಿದ್ದು ಹಾಗೆ. ಮೊದಲ ಆರು ಹಾಳೆ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದವು. ಡಬ್ಬಿಗೆ ಬೈದೆ, ಪೇಪರಿನಲ್ಲಿ ಚಿತ್ರ ಮೂಡಿಸೋ ಡೆವಲಪರ್ ದ್ರಾವಣಕ್ಕೆ ಬೈದೆ. ಕೊನೆಗೆ ಸ್ಟುಡಿಯೋ ಇಟ್ಟಿದ್ದ ಒಬ್ಬ ಹಿರಿಯರು ಉಪಾಯ ಹೇಳಿಕೊಟ್ಟರು. ಹೊಸ ಹಾಳೆಯ ಮೇಲೆ ಒಂದು ನಾಣ್ಯ ಇಟ್ಟು, ಆ ಬಲ್ಬಿನ ಕೆಳಗೆ ಐದು ನಿಮಿಷ ಬಿಡು, ಆಮೇಲೆ ಡೆವಲಪರಿಗೆ ಹಾಕು ಅಂದರು. ಹಾಕಿದೆ. ಬೂದಿ ಹಾಳೆಯ ನಡುವೆ ನಾಣ್ಯವಿದ್ದ ಜಾಗ ಮಾತ್ರ ಬೆಳ್ಳಗೆ ದುಂಡಗೆ. ಕಳ್ಳ ಬಲ್ಬೇ! ಕೆಂಪು ಬಣ್ಣ ಬಳಿದ ಮಾಮೂಲಿ ಬಲ್ಬು ಅದು, ಬೇರೆ ಬೆಳಕನ್ನೂ ಸೋರಿಸುತ್ತಿತ್ತು. ಬದಲಾಯಿಸಿದೆ.

ಈಗ ನಿನ್ನ ಅಪ್ಪಯ್ಯನ ವಿಷಯ. ತೀರ್ಥಹಳ್ಳಿ ಕಡೆ ಕೆಲಸ ಇತ್ತು, ಹಾಗೇ ನಿಮ್ಮ ಮನೆಗೆ ಹೋದೆ. ಬಿಸಿಲಲ್ಲಾದರೆ ಈ ಡಬ್ಬಿಗೆ ಮುಕ್ಕಾಲು ನಿಮಿಷ ಸಾಕು. ಜಗಲಿಯ ನೆರಳಿಗೆ ಆರು ನಿಮಿಷ ಬೇಕು. "ಅಲ್ಲಾಡದೆ ಆರು ನಿಮಿಷ ಕೂರೋಕೆ ನನಗೇನು ಬೇರೆ ಕೆಲಸ ಇಲ್ವನಾ?" ಅಂದರು. ಆದರೂ ಒಳಗೆ ಹೋಗಿ ಕೆಂಪು ಶಾಲು ಹೊದ್ದುಕೊಂಡು ಬಂದು ಆರಾಮ ಕುರ್ಚಿಯಲ್ಲಿ ಕೂತರು. ನಾನು ಡಬ್ಬಿಯನ್ನು ಮಣೆಯ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ, ಟೇಪು ಕಿತ್ತೆ. ಒಂದು ನಿಮಿಷಕ್ಕೆ ಅಡಿಕೆ ರೇಟು ಕೇಳಿದರು, ನಾನು ಬಾಯಿ ಬಿಡಲಿಲ್ಲ. ಎರಡನೇ ನಿಮಿಷಕ್ಕೆ ಸಣ್ಣಗೆ ಗೊರಕೆ ಶುರುವಾಯಿತು.

ಫೋಟೋ ಮತ್ತೆ ನೋಡು. ಇಡೀ ಚಿತ್ರದಲ್ಲಿ ಕಂಬದಷ್ಟೇ ಸ್ಪಷ್ಟವಾಗಿ ಬಂದಿರೋದು ಅಪ್ಪಯ್ಯ. ಈ ಡಬ್ಬಿ ಎದುರು ಬೇರೆ ಸಲ ಕೂತು ಪೋಸು ಕೊಟ್ಟವರು ಯಾರೂ ಇಷ್ಟು ಚೆನ್ನಾಗಿ ಬಂದಿಲ್ಲ, ಎಲ್ಲರ ಮುಖವೂ ಹೊಗೆ ಹೊಗೆ. ಶಾಲು ಕಪ್ಪಗಿದೆ, ಕೆಂಪು ಗಾರೆ ನೆಲವೂ ಕಪ್ಪಗಿದೆ, ಪೇಪರಿಗೆ ಕೆಂಪು ಕಾಣೋದಿಲ್ಲ ಅಂದೆನಲ್ಲ. ಬೆಳಕು ತಾಗದ ಜಾಗ ಪೇಪರಿನಲ್ಲಿ ಬೆಳ್ಳಗೆ ಉಳಿಯುತ್ತೆ, ಕಪ್ಪು-ಬಿಳುಪು ಅದಲುಬದಲು ಮಾಡಿದ ಈ ಪ್ರತಿಯಲ್ಲಿ ಅದೇ ಕಪ್ಪು. ಎಡಗಡೆ ಕಟ್ಟೆ ಮೇಲೆ ಒಂದು ಲೋಟ ಇದೆ, ಅದರೊಳಗಿಂದ ಕಟ್ಟೆಯ ಅಂಚು ಕಾಣುತ್ತೆ, ಗಾಜಿನದೇನೋ ಅನ್ನೋ ಹಾಗೆ. ಅದು ನಿಮ್ಮ ಮನೆ ಸ್ಟೀಲ್ ಲೋಟ. ಅಮ್ಮ ನಡುವೆ ಬಂದು ಕಾಫಿ ಇಟ್ಟು ಹೋದರು, ಹಾಗಾಗಿ ಲೋಟ ಮೂರು ನಿಮಿಷ ಮಾತ್ರ ಅಲ್ಲಿತ್ತು. ಅಮ್ಮ ಚಿತ್ರದಲ್ಲಿ ಇಲ್ಲವೇ ಇಲ್ಲ. ತೋರಿಸಿದಾಗ, "ಕಾಫಿ ತಂದವಳು ನಾನು, ಫೋಟೋ ಲೋಟದ್ದಾ?" ಅಂದರು. ಅವರಿಗೆ ಏನು ಹೇಳೋದು ಅಂತ ಗೊತ್ತಾಗಲಿಲ್ಲ. ಮುಂದಿನ ಸಲ ಮೊದಲು ಅವರದ್ದೇ, ಅಂಗಳದ ಬಿಸಿಲಲ್ಲಿ.

ಇನ್ನೊಂದು ಪ್ರಯೋಗ ಕೆಟ್ಟಿತು, ಅದನ್ನೂ ಹೇಳಿಬಿಡುತ್ತೇನೆ. ಡಿಸೆಂಬರ್ 22ಕ್ಕೆ ಒಂದು ಕ್ಯಾನಿಗೆ ತೂತು ಮಾಡಿ, ಪೇಪರ್ ಇಟ್ಟು, ತೋಟದ ಬೇಲಿಯ ಕಲ್ಲುಕಂಬಕ್ಕೆ ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದೆ. ತಿಂಗಳುಗಟ್ಟಲೆ ಬಿಟ್ಟರೆ ಸೂರ್ಯ ದಿನಾ ಏರುವ ದಾರಿ ಒಂದೊಂದು ಗೆರೆಯಾಗಿ ಬೀಳುತ್ತೆ, ಡೆವಲಪ್ ಮಾಡೋದೇ ಬೇಡ, ಸ್ಕ್ಯಾನ್ ಮಾಡಿದರಾಯಿತು. ಬೇರೆ ಕಡೆಯವರು ಜೂನ್ 21ರವರೆಗೂ ಬಿಡುತ್ತಾರೆ. ನಮ್ಮಲ್ಲಿ ಅಷ್ಟರಲ್ಲಿ ಮಳೆ ಹಿಡಿದಿರುತ್ತೆ, ಸೂರ್ಯ ಎಲ್ಲಿ? ಅದಕ್ಕೇ ಮೇ ಕೊನೆಗೇ ಬಿಚ್ಚಿದೆ. ಒಳಗೆ ಇರುವೆ ಗೂಡು. ತೂತಿನ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಬಿಟ್ಟಿದ್ದವು. ಅವು ಬಂದು ಸೇರೋ ಮೊದಲು ಬಿದ್ದ ಹದಿನೈದೋ ಇಪ್ಪತ್ತೋ ಗೆರೆ ಇವೆ, ತೆಳ್ಳಗೆ, ದಕ್ಷಿಣದ ಕಡೆ ಒತ್ತಾಗಿ. ಎಸೆಯೋಕೆ ಮನಸ್ಸು ಬರಲಿಲ್ಲ.

ಒಂದು ಉಪಕಾರ ಆಗಬೇಕು. ಪೇಪರ್ ಶಿವಮೊಗ್ಗದಲ್ಲಿ ನನಗೆ ಎಲ್ಲೂ ಸಿಗಲಿಲ್ಲ. ಹಬ್ಬಕ್ಕೆ ಬರುವಾಗ ಬೆಂಗಳೂರಿನಲ್ಲಿ ಸಿಕ್ಕರೆ 5×7 ಇಂಚಿನ ಕಪ್ಪು-ಬಿಳುಪು ಫೋಟೋ ಪೇಪರ್ ಒಂದು ಪ್ಯಾಕೆಟ್ ತಾ, ದುಡ್ಡು ಕಳಿಸುತ್ತೇನೆ. ಒಳಗೊಂದು ಕಪ್ಪು ಕವರ್ ಇರುತ್ತೆ, ಅದನ್ನು ಮಾತ್ರ ಬಿಚ್ಚಬೇಡ. ನಿನ್ನ ಮಗ ಏನಿದೆ ನೋಡೋಣ ಅಂತ ತೆರೆದನೋ, ಅಲ್ಲಿಗೆ ಇಡೀ ಪ್ಯಾಕೆಟ್ ಮುಗೀತು. ಕಪಾಟಿನ ಮೇಲಿಡು.

ಅಪ್ಪಯ್ಯ ಮೊನ್ನೆ ಫೋನ್ ಮಾಡಿದ್ದರು. ಇನ್ನೊಂದು ತೆಗಿಬೇಕಂತೆ. ಈ ಸಲ ಎಚ್ಚರ ಇರ್ತಾರಂತೆ.

ನಿನ್ನ,
ಡಬ್ಬಿ ಕ್ಯಾಮೆರಾದವನು