ಪಲ್ಸಾರ್ ಸುದ್ದಿಗೆ ‘ನಿಗೂಢ ಸಿಗ್ನಲ್’ ಅನ್ನೋ ಹೆಡ್ಡಿಂಗ್ ಬೇಕಿತ್ತಾ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಒಂದು ಪಲ್ಸಾರ್ (ನಕ್ಷತ್ರ ಸಿಡಿದ ಮೇಲೆ ಉಳಿದು ಗಿರಗಿರ ತಿರುಗೋ ಗುಂಡು) ಬಗ್ಗೆ ಸುದ್ದಿ ಬಂದಿತ್ತು, ಹೆಡ್ಡಿಂಗು ‘ಅಂತರಿಕ್ಷದಿಂದ ನಿಗೂಢ ಸಿಗ್ನಲ್’, ಕೆಳಗೆ ನೀಲಿ ಕೆಂಪು ಬಣ್ಣದ್ದೊಂದು ದೊಡ್ಡ ಚಿತ್ರ, ಅದು ಯಾರೋ ಕಂಪ್ಯೂಟರಲ್ಲಿ ಬರೆದಿದ್ದು ಅಂತ ಎಲ್ಲೂ ಹಾಕಿಲ್ಲ. ಟೀ ಟೈಮಲ್ಲಿ ಅದನ್ನ ನೋಡಿದ ನಮ್ಮ ವರ್ಕ್‌ಶಾಪ್ ಹುಡುಗ "ಅಣ್ಣಾ, ಏಲಿಯನ್ಸ್ ಅಂತೆ" ಅಂದ. ಪೂರ್ತಿ ಓದಿದೆ, ಏಲಿಯನ್ ಏನೂ ಇರ್ಲಿಲ್ಲ, ಆದ್ರೆ ಅದು ಎಷ್ಟು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತೆ ಅನ್ನೋದೂ ಇರ್ಲಿಲ್ಲ. ಸ್ಕೋರ್ ಬಿಟ್ಟು ಮ್ಯಾಚ್ ವರದಿ ಬರೆದ ಹಾಗಾಯ್ತು.

ನಾನು ಪೀಣ್ಯದಲ್ಲಿ ಲೇತ್ ಇಟ್ಕೊಂಡಿರೋನು, ವಿಜ್ಞಾನಿ ಅಲ್ಲ, ಆದ್ರೆ ತಿರುಗೋ ವಸ್ತು ನಂಗೆ ಅರ್ಥ ಆಗುತ್ತೆ. ಕ್ರ್ಯಾಬ್ ಪಲ್ಸಾರ್ ತಗೊಳ್ಳಿ, 1054ರಲ್ಲಿ ಚೀನಾದವರು ಹಗಲಲ್ಲೇ ಕಂಡು ಬರೆದಿಟ್ಟ ಸೂಪರ್‌ನೋವಾದಲ್ಲಿ, ಅಂದ್ರೆ ನಕ್ಷತ್ರ ಸಿಡಿದಾಗ, ಉಳಿದ ಗುಂಡು ಅದು. ಅಗಲ ಸುಮಾರು 20-25 ಕಿಲೋಮೀಟರ್, ನೇರ ಗೆರೆ ಎಳೆದ್ರೆ ಪೀಣ್ಯದಿಂದ ವೈಟ್‌ಫೀಲ್ಡ್‌ನಷ್ಟು, ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ, ಅಂಥದ್ದು ಸೆಕೆಂಡಿಗೆ ಹತ್ತಿರ ಹತ್ತಿರ 30 ಸುತ್ತು ಹೊಡಿಯುತ್ತೆ. ಆರ್‌ಪಿಎಂ ಅಂದ್ರೆ ನಿಮಿಷಕ್ಕೆಷ್ಟು ಸುತ್ತು, ಆ ಲೆಕ್ಕದಲ್ಲಿ 1800ಕ್ಕೆ ಸ್ವಲ್ಪ ಕಮ್ಮಿ, ನಾವು ಸಣ್ಣ ಬುಷ್ ಟರ್ನಿಂಗ್ ಮಾಡುವಾಗ ಇಡೋ ಸ್ಪೀಡು. ಕೈಗೆ ಸಿಗೋ ಲೆಕ್ಕ ಇದು, ಇದರಲ್ಲಿ ನಿಗೂಢ ಏನಿದೆ?

ಇನ್ನು ಕೆಲವು ಇವೆ, ವರ್ಷಗಟ್ಟಲೆ ಸುಮ್ನೆ ಇದ್ದು ಇದ್ದಕ್ಕಿದ್ದಂಗೆ ಎಕ್ಸ್-ರೇ ಉಗುಳೋಕೆ ಶುರು ಮಾಡೋವು. 2017ರ ಅಕ್ಟೋಬರಲ್ಲಿ ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಕಡೆ ಹಾಗೇ ಒಂದು ಎದ್ದಿತ್ತು, ಹೆಸರು ಸ್ವಿಫ್ಟ್ ಜೆ0243, ಟೆಲಿಫೋನ್ ನಂಬರ್ ಥರ ಹೆಸರು ಇಡ್ತಾರೆ ಪುಣ್ಯಾತ್ಮರು. ಪಕ್ಕದ ನಕ್ಷತ್ರ ಸೊಂಟದ ಸುತ್ತ ಚೆಲ್ಲಿದ ಅನಿಲವನ್ನ ಈ ಗುಂಡು ಎಳ್ಕೊಳ್ಳುತ್ತೆ, ಅದು ಬಿದ್ದ ಜಾಗ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಬರುತ್ತೆ, ಬೀಳೋ ಅನಿಲ ತಿರುಗ್ತಾನೇ ಬರೋದ್ರಿಂದ ಗುಂಡಿಗೂ ಒಂದು ತಳ್ಳು ಸಿಕ್ಕಿ ವೇಗ ಏರುತ್ತೆ. ಸುಮಾರು 9.8 ಸೆಕೆಂಡಿಗೆ ಒಂದು ಸುತ್ತು ಇದರದ್ದು. ಕ್ರ್ಯಾಬ್ ಉಲ್ಟಾ, ಅದಕ್ಕೆ ತಳ್ಳೋರಿಲ್ಲ, ದಿನಾ ಒಂಚೂರು ನಿಧಾನ ಆಗ್ತಿದೆ.

ವಾತಾವರಣ ಎಕ್ಸ್-ರೇನ ಕೆಳಗೆ ಬಿಡಲ್ಲ, ಅದಕ್ಕೇ ಉಪಗ್ರಹ ಬೇಕು. ನಮ್ಮ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಆ ಅಕ್ಟೋಬರಲ್ಲೇ ಸ್ವಿಫ್ಟ್ ಜೆ0243ನ ನೋಡ್ತು. 2015ರ ಸೆಪ್ಟೆಂಬರ್ 28ಕ್ಕೆ ಹೋಗಿದ್ದು, 650 ಕಿಲೋಮೀಟರ್ ಮೇಲೆ. ಅದರಲ್ಲಿ ಬೆಂಗಳೂರಲ್ಲೇ ಮಾಡಿದ ಸ್ಕೈ ಮಾನಿಟರ್ ಇದೆ, ತಿರುಗೋ ತಟ್ಟೆ ಮೇಲೆ ಮೂರು ಕ್ಯಾಮೆರಾ, ಆಕಾಶದಲ್ಲಿ ಯಾರು ಎದ್ರು ಯಾರು ಮಲಗಿದ್ರು ನೋಡ್ತಾ ಇರೋದೇ ಅದರ ಕೆಲ್ಸ. ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ ಮಾಡಿಕೊಟ್ಟ ಲ್ಯಾಕ್ಸ್‌ಪಿಸಿ ಅನ್ನೋ ಉಪಕರಣ ಒಂದೊಂದು ಎಕ್ಸ್-ರೇ ಕಣ ಬಂದ ಹೊತ್ತನ್ನೂ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಸಣ್ಣದಾಗಿ ಬರ್ಕೊಳ್ಳುತ್ತೆ. ಅಂದ್ರೆ ಕೊನೆಗೆ ಸಿಗೋದು ಫೋಟೋ ಅಲ್ಲ ಸಾರ್, ಏಳೋ ಬೀಳೋ ಒಂದು ಗೆರೆ, ಇಸಿಜಿ ಥರ. ಆ ಗೆರೇನೇ ಹಾಕ್ಬೋದಿತ್ತಲ್ಲ ಆ ಬಣ್ಣದ ಚಿತ್ರದ ಬದಲು?

ಈ ಆಸ್ಟ್ರೋಸ್ಯಾಟನ್ನ ನಡೆಸೋ ಇಸ್ರೋ ಕೇಂದ್ರ ಇಸ್ಟ್ರ್ಯಾಕ್ ಇರೋದು ನಮ್ಮ ಪೀಣ್ಯದಲ್ಲೇ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದೂ ಇಲ್ಲಿನ ಇಂಡಸ್ಟ್ರಿಯಲ್ ಶೆಡ್‌ಗಳಲ್ಲೇ, 1975ರ ಏಪ್ರಿಲ್ 19ಕ್ಕೆ ರಷ್ಯಾದಿಂದ ಮೇಲೆ ಹೋದಾಗ ಅದರೊಳಗೂ ಒಂದು ಎಕ್ಸ್-ರೇ ಉಪಕರಣ ಇತ್ತು, ನಾಲ್ಕೇ ದಿನಕ್ಕೆ ಪವರ್ ಕೈಕೊಡ್ತು, ಪ್ರಯೋಗ ನಿಂತೋಯ್ತು. 2024ರ ಜನವರಿ 1ಕ್ಕೆ ಎಕ್ಸ್-ರೇ ನೋಡೋ ಇನ್ನೊಂದು ಉಪಗ್ರಹ ಎಕ್ಸ್‌ಪೋಸ್ಯಾಟ್ ಹಾರಿದಾಗ ನೀವು ಬೆಂಕಿ ಹೊಗೆ ಫೋಟೋ ಚೆನ್ನಾಗೇ ಹಾಕಿದ್ರಿ, ಅದರೊಳಗಿನ ಪೋಲಿಕ್ಸ್ ಅನ್ನೋ ಉಪಕರಣ ಸದಾಶಿವನಗರದ ರಾಮನ್ ಸಂಸ್ಥೆಯವರು ಮಾಡಿದ್ದು, ಆಮೇಲೆ ಅದು ಏನು ನೋಡ್ತು ಅಂತ ನಿಮ್ಮಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ದೊಡ್ಡ ಲೇಖನ ಬೇಡ. ಮಳೆ ಎಷ್ಟು ಮಿಲಿಮೀಟರ್, ಅಡಿಕೆ ರೇಟ್ ಎಷ್ಟು ಅಂತ ಹಾಕ್ತೀರಲ್ಲ, ಆ ಮೂಲೇಲಿ ತಿಂಗಳಿಗೊಂದ್ಸಲ, ಯಾವ್ದು ಎದ್ದಿದೆ, ಎಷ್ಟು ದೂರ, ಎಷ್ಟು ಸೆಕೆಂಡಿಗೆ ಒಂದು ಸುತ್ತು, ಇಷ್ಟು ಹಾಕಿ. ಆರ್‌ಪಿಎಂ ಲೆಕ್ಕ ನಾವು ಮಾಡ್ಕೋತೀವಿ.

ಇಂತಿ,
ಪೀಣ್ಯದ ಒಬ್ಬ ಓದುಗ, ಬೆಂಗಳೂರು