ಫೋಟೊ ಕಳಿಸುವುದಿಲ್ಲ, ಮಗಳೇ

ಪ್ರೀತಿಯ ಮಗಳೇ,

ಗೂಡಿನ ಫೋಟೊ ಕಳಿಸು ಎಂದು ಪದೇ ಪದೇ ಕೇಳುತ್ತಿದ್ದೀಯೆ. ಕಳಿಸುವುದಿಲ್ಲ. ಬದಲಿಗೆ ಈ ಕಾಗದ.

ಜಗಲಿಯಲ್ಲಿ ಹೊಸ ಮೀಟರ್ ಕೂರಿಸಿದ ಮೇಲೂ ಅಪ್ಪ ಕೀಳದೆ ಬಿಟ್ಟ ಹಳೆಯ ಮರದ ಪೆಟ್ಟಿಗೆಯಿದೆಯಲ್ಲ, ಗಾಜು ಒಡೆದದ್ದು, ನೀನು ಗೋಲಿ ಬಚ್ಚಿಡುತ್ತಿದ್ದದ್ದು? ಜೇಡರ ಬಲೆ ತೆಗೆಯೋಣವೆಂದು ಪೊರಕೆ ಎತ್ತಿದೆ. ಒಳಗಿನಿಂದ ಬೂದುಬಣ್ಣದ ಹಕ್ಕಿಯೊಂದು ನನ್ನ ಕಿವಿ ಸವರಿಕೊಂಡೇ ಹಾರಿತು. ಇಣುಕಿದರೆ ಒಣಹುಲ್ಲು, ಬೇರಿನ ಎಳೆ, ತೆಂಗಿನ ನಾರು, ನಡುವೆ ನಾಲ್ಕು ಮೊಟ್ಟೆ. ಹಸಿರು ಬೆರೆತ ತಿಳಿನೀಲಿಯ ಮೇಲೆ ಕಂದು ಮಚ್ಚೆ. ಬಲೆ ಹಾಗೇ ಇದೆ.

ಮಡಿವಾಳ ಹಕ್ಕಿ. ಕಾಫಿ ಕಣದಲ್ಲಿ ಬಾಲ ನಿಗುರಿಸಿಕೊಂಡು ಹುಳ ಹೆಕ್ಕುವ ಕಪ್ಪು ಬಿಳುಪಿನದು ಗಂಡು. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು. ವರ್ಷದ ಎಷ್ಟೋ ತಿಂಗಳು ಊರಲ್ಲೇ ಇದ್ದೂ ಸದ್ದಿಲ್ಲ. ಹೂಮಳೆ ಬಿದ್ದು ಕಾಫಿ ಹೂವಿನಿಂದ ತೋಟ ಬೆಳ್ಳಗಾಗುವ ಹೊತ್ತಿಗೆ ಗಂಡಿಗೆ ಗಂಟಲು ಬರುತ್ತದೆ. ಬೆಳಕು ಹರಿಯುವ ಮೊದಲೇ ಸಿಲ್ವರ್ ಓಕಿನ ತುದಿಯಲ್ಲಿ ಕುಳಿತು ಶುರು. ಬಾಂಗ್ಲಾದೇಶದವರು ಇದನ್ನು ರಾಷ್ಟ್ರಪಕ್ಷಿ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಬಾಡಿಗೆಯಿಲ್ಲದ ಬಿಡಾರ, ಅಷ್ಟೇ.

ಕಾವು ಕೊಡುವುದು ಹೆಣ್ಣೊಂದೇ. ಎರಡು ವಾರದಷ್ಟು ಕಾಲ ಅದು ಆ ಕತ್ತಲೆಯಲ್ಲಿ ಮುದುಡಿ ಕೂರಬೇಕು, ಗಂಡು ಮರದ ಮೇಲೆ ಸಂಗೀತ ಮಾಡುತ್ತಾನೆ. ನಾನು ಗೊಣಗಿದ್ದಕ್ಕೆ ಅಪ್ಪ, "ಕಾವಲು ಕೆಲಸವಲ್ಲವೇ?" ಎಂದರು. ಯಾರ ಪರ ವಹಿಸುತ್ತಾರೆಂದು ಗೊತ್ತಲ್ಲ! ಆದರೂ ನ್ಯಾಯ ಹೇಳಬೇಕು: ಮರಿಯಾದ ಮೇಲೆ ಹುಳ ತರುವ ಕೆಲಸದಲ್ಲಿ ಅವನೂ ಹೆಗಲು ಕೊಡುತ್ತಾನೆ. ಕಾವಲೂ ಸುಳ್ಳಲ್ಲ. ಮೀಟರ್ ಓದುವ ಹುಡುಗ ಬಂದಾಗ ಗಂಡು ಹಕ್ಕಿ ಅವನ ತಲೆಯ ಮೇಲೆಯೇ ಎರಗಿ ಬಂತು. ಹುಡುಗ ಬಿಲ್ಲಿನ ಯಂತ್ರ ಹಿಡಿದುಕೊಂಡು ಅಂಗಳಕ್ಕೆ ಓಡಿದ. ಕೊನೆಗೆ ಅಪ್ಪನೇ ಕನ್ನಡಕ ಹಾಕಿಕೊಂಡು ಬಾಗಿಲ ಬಳಿಯಿಂದ ಅಂಕಿ ಕೂಗಿ ಹೇಳಿದರು. "ಆ ಪೆಟ್ಟಿಗೆ ಕಿತ್ತುಬಿಡಿ ಸಾರ್" ಎಂದ ಹುಡುಗನಿಗೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹಕ್ಕಿಯ ಗೂಡು ಕೆಡಿಸುವುದೂ ಬೇಟೆಯೇ ಎಂದು ದೊಡ್ಡ ಪಾಠವಾಯಿತು. ಪಾಪ, ಅವನು ಕಾಫಿ ಕುಡಿದು ಹೋದ.

ಈಗ ಫೋಟೊ ವಿಷಯ. ಮನುಷ್ಯರು ಮುಟ್ಟಿದರೆ ತಾಯಿ ಗೂಡು ಬಿಟ್ಟೇ ಬಿಡುತ್ತದೆ ಎಂದು ನಿನ್ನ ಅಜ್ಜಿ ಹೆದರಿಸುತ್ತಿದ್ದರು. ವಾಸನೆಗೆ ಹೆದರಿ ಬಿಡುವುದೇನೂ ಇಲ್ಲ. ನನ್ನ ಭಯ ಬೇರೆ. ನಾವು ಹೋದಾಗಲೆಲ್ಲ ಹೆಣ್ಣು ಎದ್ದು ಹಾರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಅದು ಎಲ್ಲಿಂದ ಹಾರಿತು ಎಂಬುದನ್ನು ಬೇಲಿಯ ಮೇಲಿನ ಕಾಗೆ ನೋಡಿಕೊಳ್ಳುತ್ತದೆ. ಮೆಣಸಿನ ಬಳ್ಳಿಯಲ್ಲಿ ನುಸುಳಾಡುವ ಕೆಂಬೂತವಂತೂ ಮೊಟ್ಟೆ, ಮರಿ ಎರಡನ್ನೂ ಬಿಡುವುದಿಲ್ಲ. ಅದಕ್ಕೇ ಒಮ್ಮೆ ನೋಡಿದ್ದು ಸಾಕೆಂದು ಬಿಟ್ಟಿದ್ದೇನೆ. ಅಡುಗೆಮನೆಯ ಕಿಟಕಿಯಿಂದ ಹೆಣ್ಣು ಹೋಗಿ ಬರುವುದು ಕಾಣುತ್ತದೆ, ನನಗೆ ಅಷ್ಟು ಸಾಕು. ನಿನಗೂ ಸಾಕಾಗಬೇಕು.

ಪರೀಕ್ಷೆ ಮುಗಿಸಿ ಬರುವಾಗ ರಾತ್ರಿ ಬಸ್ಸಾದರೆ ಟಾರ್ಚ್ ತಾ, ಜಗಲಿಯ ದೀಪ ಹಾಕುತ್ತಿಲ್ಲ. ಹಿತ್ತಲ ಬಾಗಿಲಿಗೆ ಬಾ. ನಾಯಿಯನ್ನೂ ಅಲ್ಲೇ ಕಟ್ಟಿದ್ದೇವೆ, ಅದಕ್ಕೆ ನಮ್ಮ ಮೇಲೆ ಸಿಟ್ಟು, ಬಿಸ್ಕತ್ತು ಮರೆಯಬೇಡ.

ನಿನ್ನ,
ಅಮ್ಮ